ಸೈನ್ಯಕ್ಕೆ ಬಿಟ್ಟ ನೆಲದ ಪೋಷಣೆಯ ವೆಚ್ಚವೂ ನಮ್ಮ ಗಾಯರಾಣಗಳೂ

ಎರವಲು ತಂದ ಎತ್ತನ್ನು ಹೊಟ್ಟೆ ತುಂಬ ಮೇಯಿಸಿ, ಮೈ ತೊಳೆದು, ಒಡೆಯನ ಕೊಟ್ಟಿಗೆಗೆ ಹಿಂದಿರುಗಿಸುವುದು ನಮ್ಮ ಗ್ರಾಮಗಳ ಹಳೆಯ ಮರ್ಯಾದೆ. ಎತ್ತಿನ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮರ್ಯಾದೆಯನ್ನು ನೆಲದ ವಿಷಯದಲ್ಲಿ ನಾವು ಅಷ್ಟಾಗಿ ಪಾಲಿಸುತ್ತಿಲ್ಲ. ಸಾರ್ವಜನಿಕ ಕಾರ್ಯಕ್ಕೆಂದು ಊರ ನೆಲವನ್ನು ತೆಗೆದುಕೊಳ್ಳುವಾಗ ಕಟ್ಟಡಕ್ಕೆ ಹಣವಿರುತ್ತದೆ, ಬೇಲಿಗೆ ಹಣವಿರುತ್ತದೆ, ರಸ್ತೆಗೆ ಹಣವಿರುತ್ತದೆ. ತುಳಿದು ಸವೆದ ನೆಲವನ್ನು ಮೊದಲಿನ ಸ್ಥಿತಿಗೆ ತರುವುದಕ್ಕೂ, ತಂದ ಮೇಲೆ ವರ್ಷವರ್ಷವೂ ಪೋಷಿಸುವುದಕ್ಕೂ ಹಣವಿರುವುದು ಅಪೂರ್ವ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ರೈತರೂ ಕುರಿಗಾರರೂ ಈ ವಿಷಯವನ್ನು ಚೆನ್ನಾಗಿ ಆಲೋಚಿಸತಕ್ಕ ಕಾಲ ಬಂದಿದೆ. ಇದಕ್ಕೆ ಸೈನ್ಯದ ಉಪಯೋಗಕ್ಕೆಂದು ಬಿಟ್ಟ ನೆಲಗಳ ಚರಿತ್ರೆಯೇ ಉತ್ತಮವಾದ ಪಾಠ. ಏಕೆಂದರೆ, ನೆಲವನ್ನು ಬಳಸುವವನು ಯಾರು, ಕೆಡಿಸುವವನು ಯಾರು, ಸರಿಪಡಿಸುವ ಖರ್ಚು ಯಾರ ಲೆಕ್ಕಕ್ಕೆ ಸೇರಬೇಕು ಎಂಬ ಪ್ರಶ್ನೆಗಳು ಅಲ್ಲಿ ಸ್ಪಷ್ಟವಾಗಿ ಕಾಣಬರುತ್ತವೆ.

ಕಾನೂನಿನಲ್ಲಿರುವ ನ್ಯಾಯ

ಸೈನ್ಯದವರು ಬಯಲಿನಲ್ಲಿ ಕವಾಯತು, ಸಂಚಾರ, ಫಿರಂಗಿ ಹೊಡೆಯುವ ಅಭ್ಯಾಸ ಮೊದಲಾದವುಗಳನ್ನು ನಡೆಸುವ ವಿಷಯದಲ್ಲಿ ೧೯೩೮ನೆಯ ಇಸವಿಯಲ್ಲಿಯೇ ನಮ್ಮ ದೇಶದಲ್ಲಿ ಒಂದು ಕಾನೂನು ಆಯಿತು. ಅದು ಇಂದಿಗೂ ಜಾರಿಯಲ್ಲಿದೆ. ಅಭ್ಯಾಸಕ್ಕಾಗಿ ಉಪಯೋಗಿಸಿದ ನೆಲಗಳನ್ನು ಸಾಧ್ಯವಾದಷ್ಟು ಬೇಗನೆ, ಸಾಧ್ಯವಾದಷ್ಟು ಮಟ್ಟಿಗೆ, ಹಿಂದಿನ ಸ್ಥಿತಿಗೆ ತರಿಸುವುದು ಆ ಪಡೆಯ ಮುಖ್ಯಾಧಿಕಾರಿಯ ಕರ್ತವ್ಯವೆಂದು ಅದರಲ್ಲಿ ಹೇಳಿದೆ. ಜನರ ಸ್ವತ್ತಿಗೂ ಹಕ್ಕುಗಳಿಗೂ ಆದ ನಷ್ಟದ ಪರಿಹಾರವನ್ನು ರಕ್ಷಣಾ ಇಲಾಖೆಯ ಅಂದಾಜು ಪಟ್ಟಿಯಿಂದಲೇ ಕೊಡತಕ್ಕದ್ದೆಂದೂ, ನಷ್ಟವನ್ನು ಗೊತ್ತುಮಾಡುವುದಕ್ಕೆ ರೆವಿನ್ಯೂ ಅಧಿಕಾರಿಗಳು ಪಡೆಯ ಜೊತೆಯಲ್ಲಿಯೇ ಹೋಗತಕ್ಕದ್ದೆಂದೂ ವಿಧಿಸಿದೆ.

ಈ ವಿಧಿಯಲ್ಲಿ ಮೂರು ಉತ್ತಮವಾದ ಅಂಶಗಳಿವೆ. ಬಳಸಿದವನೇ ಸರಿಪಡಿಸಬೇಕೆಂಬುದು ಮೊದಲನೆಯದು. ಅದರ ಖರ್ಚು ಬಳಸಿದವನ ಬಾಬಿನಲ್ಲಿಯೇ ಬೀಳಬೇಕೆಂಬುದು ಎರಡನೆಯದು. ನಷ್ಟವನ್ನು ಅಳೆಯುವವನು ನಷ್ಟಮಾಡಿದವನಾಗಿರಬಾರದೆಂಬುದು ಮೂರನೆಯದು. ಆದರೆ ಈ ಕಾನೂನು ಕೆಲವು ಕಾಲದ ಅಭ್ಯಾಸಕ್ಕೆ ಮಾತ್ರ ಸಂಬಂಧಪಟ್ಟದ್ದು. ನೆಲವನ್ನು ಶಾಶ್ವತವಾಗಿ ಒಂದು ಸಂಸ್ಥೆಗೆ ವಹಿಸಿಕೊಟ್ಟಾಗ ಇದು ಅನ್ವಯಿಸುವುದಿಲ್ಲ. ತೊಡಕು ಪ್ರಾರಂಭವಾಗುವುದು ಅಲ್ಲಿಯೇ.

ತುಳಿತದಿಂದಾಗುವ ಕೇಡು

ಭಾರವಾದ ಗಾಡಿಗಳು ಒಂದೇ ದಾರಿಯಲ್ಲಿ ಮೇಲಿಂದ ಮೇಲೆ ಓಡಾಡಿದರೆ ಮಣ್ಣಿನ ಕಣಗಳ ನಡುವಣ ಸಂದುಗಳು ಮುಚ್ಚಿಹೋಗುತ್ತವೆ. ಎರೆಭೂಮಿಯು ಹಸಿಯಾಗಿರುವಾಗ ಈ ಕೇಡು ಇನ್ನೂ ಅಧಿಕ. ಗಟ್ಟಿಯಾದ ನೆಲದಲ್ಲಿ ಮಳೆಯ ನೀರು ಇಂಗುವುದಿಲ್ಲ. ಇಂಗದ ನೀರು ಹರಿಯುತ್ತದೆ. ಹರಿಯುವ ನೀರು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಿ ಕೊರಕಲುಗಳನ್ನು ಮಾಡುತ್ತದೆ. ಹುಲ್ಲಿನ ಬೇರು ಸತ್ತ ಕಡೆ ಬಳ್ಳಾರಿ ಜಾಲಿಯು ಬಂದು ಸೇರುತ್ತದೆ. ಕೊಪ್ಪಳ ಜಿಲ್ಲೆಯಂತೆ ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆ ಬೀಳುವ ಸೀಮೆಯಲ್ಲಿ ಹೀಗೆ ಒಮ್ಮೆ ಕೆಟ್ಟ ನೆಲವು ತಾನಾಗಿ ಚೇತರಿಸಿಕೊಳ್ಳುವುದು ಬಹು ನಿಧಾನ.

ಕೆಟ್ಟ ನೆಲವನ್ನು ಸರಿಪಡಿಸುವ ಕ್ರಮವು ಗಹನವಾದುದಲ್ಲ. ಗಟ್ಟಿಯಾದ ಮೇಲ್ಪದರವನ್ನು ಇಳಿಜಾರಿಗೆ ಅಡ್ಡವಾಗಿ ಒಡೆಯಬೇಕು. ಸಮಪಾತಳಿಯ ಬದುಗಳನ್ನು ಹಾಕಬೇಕು. ಕೊರಕಲುಗಳಿಗೆ ಕಲ್ಲಿನ ತಡೆಗಳನ್ನು ಕಟ್ಟಬೇಕು. ಅಂಜನ ಹುಲ್ಲಿನಂಥ ಬರ ತಾಳುವ ಜಾತಿಗಳನ್ನು ಬಿತ್ತಬೇಕು. ಹುಲ್ಲು ಬೇರೂರಿ ಬೀಜ ಉದುರಿಸುವವರೆಗೆ ನೆಲಕ್ಕೆ ವಿಶ್ರಾಂತಿ ಕೊಡಬೇಕು. ಕಷ್ಟವಿರುವುದು ಕ್ರಮದಲ್ಲಲ್ಲ, ಅದನ್ನು ವರ್ಷವರ್ಷವೂ ಬಿಡದೆ ನಡಸುವುದರಲ್ಲಿ. ಒಡೆದ ಬದುವನ್ನು ಮುಂದಿನ ಮಳೆಗೆ ಮೊದಲೇ ಕಟ್ಟದಿದ್ದರೆ ಹಿಂದಿನ ವರ್ಷದ ಖರ್ಚೆಲ್ಲ ಹಳ್ಳದ ಪಾಲಾಗುತ್ತದೆ.

ಅಮೇರಿಕ ದೇಶದ ಸೈನ್ಯದವರು ಇದನ್ನು ಕಂಡುಕೊಂಡು ೧೯೮೦ರ ದಶಕದಿಂದೀಚೆಗೆ ತಮ್ಮ ಅಭ್ಯಾಸದ ನೆಲಗಳಿಗೆ ಒಂದು ಕ್ರಮವನ್ನು ಏರ್ಪಡಿಸಿದರು. ನೆಲದ ಸ್ಥಿತಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ಬರೆದಿಡುವುದು, ನೆಲ ತಾಳುವಷ್ಟು ಮಾತ್ರ ಅಭ್ಯಾಸವನ್ನು ಸರದಿಯ ಮೇಲೆ ನಡಸುವುದು, ಕೆಟ್ಟುದನ್ನು ಸರಿಪಡಿಸಿ ಪೋಷಿಸುವುದು, ಬಳಸುವವರಿಗೆ ತಿಳಿವಳಿಕೆ ಕೊಡುವುದು ಎಂಬ ನಾಲ್ಕು ಅಂಗಗಳು ಅದಕ್ಕುಂಟು. ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನಲ್ಲಿ ೧೮೯೭ರಿಂದ ಸೈನ್ಯಾಭ್ಯಾಸ ನಡೆಯುತ್ತಿದ್ದರೂ ಪಶ್ಚಿಮೋತ್ತರ ಯೂರೋಪಿನ ಬಹು ವಿಸ್ತಾರವಾದ ಸುಣ್ಣಮಣ್ಣಿನ ಹುಲ್ಲುಗಾವಲು ಇಂದಿಗೂ ಅಲ್ಲಿಯೇ ಉಳಿದಿದೆ. ಸೈನ್ಯದ ಬಳಕೆಯೊಂದರಿಂದಲೇ ನೆಲ ಹಾಳಾಗುವುದೆಂದು ಹೇಳುವಂತಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಪೋಷಣೆಯಿಲ್ಲದ ಬಳಕೆಯಿಂದ ನೆಲ ಹಾಳಾಗುತ್ತದೆ.

ಅಮೃತಮಹಲಿನ ಪಾಠ

ದೂರದೇಶದ ಉದಾಹರಣೆಯೇ ಬೇಕಾಗಿಲ್ಲ. ಸೈನ್ಯಕ್ಕಾಗಿ ನೆಲವನ್ನು ಕಾದಿರಿಸಿ ಪೋಷಿಸುವ ವಿದ್ಯೆಯನ್ನು ಕನ್ನಡ ನಾಡು ಬಹಳ ಹಿಂದೆಯೇ ಬಲ್ಲುದಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದಿದ್ದ ಅರಮನೆಯ ದನಗಳ ಇಲಾಖೆಯು ಹೈದರಾಲಿಯ ಕಾಲದಲ್ಲಿ ಸೈನ್ಯದ ಸಾಮಾನು ಸಾಗಣೆಗೆ ಒದಗಿ, ಟೀಪೂ ಸುಲ್ತಾನನಿಂದ ಅಮೃತಮಹಲೆಂಬ ಹೆಸರನ್ನು ಪಡೆಯಿತು. ಆ ಎತ್ತುಗಳ ಬಲದಿಂದಲೇ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ರಕ್ಷಣೆಗೆ ಹೋದನೆಂದು ಮೈಸೂರಿನ ಗೆಜೆಟಿಯರಿನಲ್ಲಿ ಹೇಳಿದೆ. ಈ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಅವುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ದನಗಳನ್ನು ಒಂದರಿಂದ ಒಂದಕ್ಕೆ ಕಾಲಾನುಸಾರವಾಗಿ ಸಾಗಿಸುತ್ತಿದ್ದರು. ಒಂದು ಕಾವಲಿನಲ್ಲಿ ದನ ಮೇಯುವಾಗ ಇನ್ನೊಂದು ಚಿಗುರುತ್ತಿತ್ತು. ನೆಲಕ್ಕೆ ಸರದಿಯ ವಿಶ್ರಾಂತಿ ಕೊಡುವುದೆಂದರೆ ಇದೇ. ಸೇರ್ವೇಗಾರರಿಗೂ ಕಾವಲುಗಾರರಿಗೂ ಕೊಡುತ್ತಿದ್ದ ಸಂಬಳವು ಈ ಪೋಷಣೆಯ ವೆಚ್ಚವಾಗಿತ್ತು.

೧೮೬೦ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ನರು ಮಿತವ್ಯಯದ ದೃಷ್ಟಿಯಿಂದ ಈ ಇಲಾಖೆಯನ್ನು ಮುರಿಯಿಸಿ ದನಗಳನ್ನು ಹರಾಜು ಹಾಕಿಸಿದರು. ಈಜಿಪ್ಟ್ ದೇಶದ ಪಾಷಾ ಅವರ ಕಡೆಯವರು ಬಹಳ ದನಗಳನ್ನು ಕೊಂಡರು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ತಕ್ಕ ಎತ್ತುಗಳು ದೊರೆಯದೆ ಹೋದುವು. ೧೮೬೬ರಲ್ಲಿ, ಚೆದರಿಹೋದ ತಳಿಯನ್ನು ಹುಡುಕಿ ತಂದು, ಇಲಾಖೆಯನ್ನು ಮತ್ತೆ ಸ್ಥಾಪಿಸಬೇಕಾಯಿತು. ಸಾಲಿಯಾನ ವೆಚ್ಚವನ್ನು ಉಳಿಸಲು ಹೋದವರು ಮೂಲಧನವನ್ನೇ ಕಳೆದುಕೊಂಡು, ಆಮೇಲೆ ಅದನ್ನು ಮತ್ತೆ ಕೂಡಿಸಲು ಕಷ್ಟಪಟ್ಟರು. ಪೋಷಣೆಯ ಹಣವನ್ನು ಕಡಿತ ಮಾಡಬೇಕೆಂದು ಯಾರಾದರೂ ಸೂಚಿಸಿದಾಗಲೆಲ್ಲ ಈ ಆರು ವರ್ಷಗಳ ಕಥೆಯನ್ನು ನೆನೆಯುವುದು ಒಳ್ಳೆಯದು.

ಚಳ್ಳಕೆರೆಯ ಕಾವಲುಗಳು

ಆ ಕಾವಲುಗಳ ಇತ್ತೀಚಿನ ಗತಿಯನ್ನೂ ನೋಡತಕ್ಕದ್ದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಖುದಾಪುರ, ಉಳ್ಳಾರ್ತಿ ಮೊದಲಾದ ಕಡೆಗಳಲ್ಲಿ ಸುಮಾರು ೧೦,೦೦೦ ಎಕರೆ ನೆಲವನ್ನು ೨೦೦೮ರಿಂದ ೨೦೧೦ರ ಸುಮಾರಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮೊದಲಾದವುಗಳಿಗೆ ಕೊಡಲಾಯಿತು. ೨೦೧೭ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾ ಕ್ಷೇತ್ರವೊಂದು ಪ್ರಾರಂಭವಾಯಿತು. ದೇಶದ ರಕ್ಷಣೆಗೆ ಇಂಥ ಸ್ಥಳಗಳು ಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ತಲೆತಲಾಂತರದಿಂದ ಆ ಕಾವಲುಗಳಲ್ಲಿ ದನ ಕುರಿಗಳನ್ನು ಮೇಯಿಸುತ್ತಿದ್ದ ಹಳ್ಳಿಗಳವರಿಗೆ ಗೋಡೆ ಎದ್ದಮೇಲೆಯೇ ವಿಷಯವು ಪೂರ್ಣವಾಗಿ ತಿಳಿದುದರಿಂದ ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯವರೆಗೆ ಹೋಯಿತು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಗೋಡೆಯ ಒಳಗಣ ಹುಲ್ಲನ್ನು ಯಾರು ಕಾಯಬೇಕು, ಗೋಡೆಯ ಹೊರಗೆ ಉಳಿದ ಅಲ್ಪ ನೆಲದ ಮೇಲೆ ಬಿದ್ದ ಅಧಿಕವಾದ ಮೇವಿನ ಭಾರಕ್ಕೆ ಪರಿಹಾರವಾಗಿ ಆ ನೆಲವನ್ನು ಯಾವ ಹಣದಿಂದ ಉದ್ಧರಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ನೆಲವನ್ನು ಕೊಡುವ ದಿನವೇ ಉತ್ತರ ಬರೆದಿಡಬೇಕಾಗಿತ್ತು. ಹಾಗೆ ಬರೆದಿದ್ದರೆ ವೈಮನಸ್ಯವು ಬಹುಮಟ್ಟಿಗೆ ಕಡಮೆಯಾಗುತ್ತಿತ್ತು. ಸೈನ್ಯದವರ ಶಕ್ತಿಯನ್ನು ನೆಲದ ಉದ್ಧಾರಕ್ಕೆ ತಿರುಗಿಸಬಹುದೆಂಬುದಕ್ಕೂ ನಿದರ್ಶನವುಂಟು. ೧೯೮೨ರಲ್ಲಿ ಡೆಹರಾಡೂನಿನಲ್ಲಿ ಮಾಜಿ ಸೈನಿಕರನ್ನು ಸೇರಿಸಿ ಪ್ರಾದೇಶಿಕ ಸೇನೆಯ ಪರಿಸರ ಪಡೆಯೊಂದನ್ನು ಕಟ್ಟಿದರು. ಅವರು ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿಯ ಬೆಟ್ಟಗಳನ್ನು ಹಸಿರು ಮಾಡಿದರು. ಆಮೇಲಿನ ಪಡೆಯೊಂದು ರಾಜಸ್ಥಾನದ ಕಾಲುವೆಯ ದಡದಲ್ಲಿ ಮರಳ ದಿಬ್ಬಗಳನ್ನು ಹಿಡಿದು ನಿಲ್ಲಿಸಿತು. ಇಂಥ ಪಡೆಗಳ ಖರ್ಚು ಯಾವ ಬಾಬಿನದೆಂಬುದು ಮೊದಲೇ ಗೊತ್ತಾಗಿದ್ದುದರಿಂದಲೇ ಕೆಲಸವು ವರ್ಷಗಳ ತನಕ ಕುಂಠಿತವಾಗದೆ ನಡೆಯಿತು.

ನಮ್ಮ ಸೀಮೆಯ ಸ್ಥಿತಿ

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ವಿಷಯ. ಈಗ ಇವುಗಳಿಂದ ಕುಕನೂರು, ಕನಕಗಿರಿ, ಕಾರಟಗಿ ಎಂಬ ತಾಲ್ಲೂಕುಗಳೂ ಬೇರೆಯಾಗಿವೆಯಷ್ಟೆ. ಕೊಪ್ಪಳದ ಕೋಟೆಯನ್ನು ೧೭೮೬ರಲ್ಲಿ ಟೀಪೂ ಸುಲ್ತಾನನು ಹಿಡಿದು ಫ್ರೆಂಚ್ ಶಿಲ್ಪಿಗಳಿಂದ ಬಲಪಡಿಸಿದನು. ೧೭೯೦ರಲ್ಲಿ ಕಂಪನಿಯವರೂ ನಿಜಾಮರೂ ಅದನ್ನು ತಿಂಗಳುಗಟ್ಟಲೆ ಮುತ್ತಿದ್ದರು. ಸೈನ್ಯಗಳ ತುಳಿತವು ಈ ನೆಲಕ್ಕೆ ಹೊಸದಲ್ಲ. ಇಂದು ಇಲ್ಲಿನ ಮರಡಿಗಳನ್ನೂ ಗಾಯರಾಣಗಳನ್ನೂ ತುಳಿಯುತ್ತಿರುವವರು ಬೇರೆಯವರು. ಕುಷ್ಟಗಿ ಯಲಬುರ್ಗಾಗಳ ಕಡೆ ಗಾಳಿಯಂತ್ರಗಳು ಏಳುತ್ತಿವೆ, ಗಿಣಿಗೇರಿಯ ಸುತ್ತ ಕಾರ್ಖಾನೆಗಳು ನಿಂತಿವೆ, ಮುನಿರಾಬಾದಿನಲ್ಲಿ ಮೀಸಲು ಪೊಲೀಸು ಪಡೆಯಿದೆ. ಇವುಗಳಲ್ಲಿ ಯಾವುದನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. ನೆಲವನ್ನು ಬಳಸುವ ಪ್ರತಿಯೊಬ್ಬರಿಗೂ ೧೯೩೮ರ ಕಾನೂನಿನ ನ್ಯಾಯವೇ ಅನ್ವಯಿಸಬೇಕೆಂಬುದಿಷ್ಟೇ ನಮ್ಮ ಮಾತು. ದಾಖಲೆಗಳಲ್ಲಿ ಬಂಜರೆಂದು ಬರೆದ ಮಾತ್ರಕ್ಕೆ ಈ ನೆಲಗಳು ನಿಷ್ಪ್ರಯೋಜಕವಲ್ಲ. ಕುರಿಗಾರನಿಗೆ ಅವೇ ಮೇವಿನ ಕಣಜ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡಿನಲ್ಲಿ ತೋಳಗಳಿಗೆ ವನ್ಯಧಾಮವಾಗಿರುವುದನ್ನು ನೋಡಿದರೆ ಇಂಥ ನೆಲದ ಬೆಲೆ ಗೊತ್ತಾಗುತ್ತದೆ.

ಉದ್ಧಾರ ಮಾಡುವ ಉತ್ಸಾಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ೨೦೧೯ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳ ನೇತೃತ್ವದಲ್ಲಿ ಜನರೇ ಹಣ ಕೂಡಿಸಿ, ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಶುದ್ಧಪಡಿಸಿದರು. ಅದೇ ವರ್ಷ ಕುಷ್ಟಗಿಯ ಬಳಿಯ ನಿಡಶೇಸಿ ಕೆರೆಯ ಹೂಳನ್ನು ತೆಗೆದರು. ಇಂಥ ಕಾರ್ಯಗಳು ಶ್ಲಾಘನೀಯವಾದವು. ಆದರೆ ಇವುಗಳ ಮುಂದಿನ ವರ್ಷದ, ಹತ್ತನೆಯ ವರ್ಷದ ಕೆಲಸಕ್ಕೆ ಹಣವೆಲ್ಲಿಂದ ಬರಬೇಕು? ದಾನವು ಒಮ್ಮೆ ಉಕ್ಕುತ್ತದೆ; ಹೂಳು ಪ್ರತಿ ಮಳೆಗೂ ಬರುತ್ತದೆ.

ಪೋಷಣೆಯಲ್ಲಿ ಸ್ವಲ್ಪ ತಪ್ಪಿದರೆ ಏನಾಗುವುದೆಂಬುದನ್ನು ತುಂಗಭದ್ರೆಯ ಅಣೆಕಟ್ಟು ನಮಗೆ ತೋರಿಸಿಕೊಟ್ಟಿದೆ. ೧೯೫೩ರಲ್ಲಿ ೧೩೩ ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯವು ಹೂಳಿನಿಂದ ಸುಮಾರು ೧೦೫ ಟಿ.ಎಂ.ಸಿ.ಗೆ ಇಳಿಯಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ಒಂದು ಸರಪಳಿ ತುಂಡಾದುದರಿಂದ ೧೯ನೆಯ ಗೇಟು ಕೊಚ್ಚಿಹೋಗಿ, ತುಂಬಿದ ಜಲಾಶಯದ ನೀರು ವ್ಯರ್ಥವಾಗಿ ಹರಿದುಹೋಯಿತು. ಗಂಗಾವತಿಯ ಕಡೆ ಬಸಿಗಾಲುವೆಗಳ ಅಲಕ್ಷ್ಯದಿಂದ ಸವಳು ಜವಳಾದ ಗದ್ದೆಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ಆಗಬೇಕಾದುದೇನು

ನಮ್ಮ ಸೂಚನೆಗಳು ಇವು:

೧. ಊರ ನೆಲವನ್ನು ಸೈನ್ಯಕ್ಕಾಗಲಿ, ಪೊಲೀಸರಿಗಾಗಲಿ, ಕಂಪನಿಗಾಗಲಿ ಕೊಡುವ ಹುಕುಮಿನಲ್ಲಿಯೇ ಪುನರುದ್ಧಾರದ ಅಂದಾಜನ್ನೂ ಸಾಲಿಯಾನ ಪೋಷಣೆಯ ಅಂದಾಜನ್ನೂ ಬರೆಯತಕ್ಕದ್ದು. ಆ ಹಣವು ತೆಗೆದುಕೊಳ್ಳುವವರ ಬಾಬಿನಿಂದಲೇ ಬರತಕ್ಕದ್ದು.

೨. ನೆಲವನ್ನು ವಹಿಸಿಕೊಡುವುದಕ್ಕೆ ಮುಂಚೆ ಮಣ್ಣು, ಹುಲ್ಲು, ನೀರಿನ ದಾರಿ, ಮೇಯುವ ದನಕುರಿಗಳ ಸಂಖ್ಯೆ ಇವುಗಳನ್ನು ಪರೀಕ್ಷಿಸಿ ದಾಖಲೆ ಮಾಡಿ, ಅದರ ನಕಲನ್ನು ಗ್ರಾಮ ಪಂಚಾಯಿತಿಯಲ್ಲಿಡತಕ್ಕದ್ದು. ಮೊದಲಿನ ಸ್ಥಿತಿ ಯಾವುದೆಂದು ತಿಳಿಯದೆ ಅದಕ್ಕೆ ಹಿಂದಿರುಗಿಸುವುದು ಅಸಾಧ್ಯ.

೩. ಕೆರೆಯನ್ನಾಗಲಿ ಗಾಯರಾಣವನ್ನಾಗಲಿ ಉದ್ಧರಿಸಲು ನೂರು ರೂಪಾಯಿ ಕೂಡಿಸಿದರೆ, ವರ್ಷಕ್ಕೆ ಐದು ರೂಪಾಯಿಯಂತೆ ಪೋಷಣೆಗೆ ಒದಗುವ ನಿಧಿಯನ್ನೂ ಕೂಡಿಸಿ ಬ್ಯಾಂಕಿನಲ್ಲಿಡುವುದು ವಿವೇಕ.

೪. ಗಾಯರಾಣಗಳನ್ನು ಹೋಳುಗಳಾಗಿ ವಿಂಗಡಿಸಿ, ಕಾವಲುಗಳ ಪದ್ಧತಿಯಂತೆ ಸರದಿಯ ಮೇಲೆ ಮೇಯಿಸತಕ್ಕದ್ದು. ಕುರಿಗಾರರ ಸಮ್ಮತಿಯಿಲ್ಲದೆ ಈ ಸರದಿ ನಿಲ್ಲಲಾರದಾದ್ದರಿಂದ ಅವರಿಗೂ ಸಮಿತಿಯಲ್ಲಿ ಸ್ಥಾನವಿರಬೇಕು.

೫. ಲೆಕ್ಕವನ್ನು ವರ್ಷಕ್ಕೊಮ್ಮೆ ಚಾವಡಿಯಲ್ಲಿ ಓದಿ ಹೇಳತಕ್ಕದ್ದು.

ಇಷ್ಟು ಹಣವೆಲ್ಲಿಂದ ಎಂದು ಕೆಲವರು ಕೇಳಬಹುದು. ಪೋಷಣೆಯ ಹಣ ಅಲ್ಪ, ಪುನರುದ್ಧಾರದ ಹಣ ಅಧಿಕ. ಮೊದಲನೆಯದನ್ನು ಕೊಡದವನು ಎರಡನೆಯದನ್ನು ಕೊಟ್ಟೇ ತೀರಬೇಕು. ನಿಧಿಯು ದುರುಪಯೋಗವಾಗಬಹುದೆಂಬ ಶಂಕೆಯೂ ಯುಕ್ತವಾದುದೇ. ಆದರೆ ಕಳ್ಳರಿದ್ದಾರೆಂದು ಕಣಜವನ್ನೇ ಕಟ್ಟದಿರುವವರುಂಟೆ? ಬೀಗ ಹಾಕಿ, ಲೆಕ್ಕ ಬರೆದು, ಎಲ್ಲರ ಕಣ್ಣಮುಂದೆ ಅಳೆಯುವುದೇ ಅದಕ್ಕೆ ಪ್ರತೀಕಾರ. ಈ ಬಯಲಿನಲ್ಲಿ ಯಾವಾಗಲೂ ಭೂಹೀನರಿಗೆ ಹೊಲ ಹಂಚಬಾರದೇ ಎಂದು ಕೇಳುವವರೂ ಉಂಟು. ಉಳಲು ಯೋಗ್ಯವಾದುದನ್ನು ಹಂಚುವುದು ಸರಿಯೇ. ಆದರೆ ಕಲ್ಲುಮರಡಿಯಲ್ಲಿ ಉಳುವವನಿಗೆ ಕಾಳೂ ಇಲ್ಲ, ಮೇಯಿಸುವವನಿಗೆ ಹುಲ್ಲೂ ಇಲ್ಲವೆಂಬಂತಾಗುತ್ತದೆ. ಭೂಹೀನನ ಎರಡು ಆಡುಗಳಿಗೂ ಆಧಾರ ತಪ್ಪುತ್ತದೆ.

ಮುಂದಿನ ಗ್ರಾಮಸಭೆ ಸೇರಿದಾಗ ರೈತಬಾಂಧವರು ತಮ್ಮ ಊರಿನ ಗಾಯರಾಣ ಎಷ್ಟು ಎಕರೆ, ಅದರಲ್ಲಿ ಬಳ್ಳಾರಿ ಜಾಲಿ ಹಿಡಿದುದು ಎಷ್ಟು, ಅದರ ಪೋಷಣೆಗೆ ಈ ವರ್ಷದ ಪಟ್ಟಿಯಲ್ಲಿ ಎಷ್ಟು ಹಣವಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ಮೂರನೆಯ ಪ್ರಶ್ನೆಗೆ ಉತ್ತರ ಸೊನ್ನೆಯಾದರೆ, ಆ ಸೊನ್ನೆಯನ್ನು ಅಳಿಸಿ ಒಂದು ಅಂಕಿಯನ್ನು ಬರೆಯಿಸುವವರೆಗೆ ಸಭೆಯನ್ನು ಬಿಟ್ಟೇಳದಿರುವುದು ಲೇಸು.