ಕೆರೆಯ ಹಸಿರು: ಗೊಬ್ಬರವೋ, ಮಲಿನವೋ?



ಸವಡಿಯ ಗೃಹಸ್ಥರೊಬ್ಬರು ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿದ್ದಾರೆ. ಹಸಿರುಗಟ್ಟಿದ ಕೆರೆಗೆ ಅಜೋಲಾ ಎಂಬ ನೀರಸಸ್ಯವನ್ನು ಬಿಟ್ಟರೆ ನೀರು ತಿಳಿಯಾಗುವುದೆಂದೂ, ಮೇಲಾಗಿ ಹೊಲಕ್ಕೆ ಗೊಬ್ಬರ, ಎಮ್ಮೆಗೆ ಮೇವು ಎರಡೂ ದೊರೆಯುವುವೆಂದೂ ಕೆಲವರು ಹೇಳುತ್ತಿದ್ದಾರಂತೆ. ಯುವಕರು ಚಂದಾ ಎತ್ತಲು ಸಿದ್ಧರಾಗಿದ್ದಾರೆ, ಹಿರಿಯರು ಹಿಂಜರಿಯುತ್ತಿದ್ದಾರೆ, ತಾವೇನು ಹೇಳುವಿರಿ ಎಂಬುದು ಅವರ ಪ್ರಶ್ನೆ. ದನಕರುಗಳು ಕುಡಿಯುವ ನೀರಿನ ವಿಷಯವಾದುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೆರೆಗೆ ಬಿಡಬಾರದು, ಮನೆಯ ಹಿತ್ತಲಿನ ಗುಂಡಿಯಲ್ಲಿ ಬೆಳೆಸಬಹುದು. ಕಾರಣವನ್ನು ತುಸು ವಿಸ್ತಾರವಾಗಿ ನಿವೇದಿಸುತ್ತೇನೆ.

ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರ ಕ್ಷೇತ್ರದಲ್ಲಿ ಬೆಟ್ಟದ ಒಡಲಿನಿಂದ ಜಿನುಗುವ ನೀರಿಗೆ ಅಂತರಗಂಗೆ ಎಂದು ಹೆಸರು. ನಮ್ಮ ಜನ ಅದೇ ಹೆಸರನ್ನು ಕೆರೆಯನ್ನು ಮುಚ್ಚುವ ಒಂದು ಜಲಕಳೆಗೂ ಕೊಟ್ಟಿದ್ದಾರೆ. ದಕ್ಷಿಣ ಅಮೆರಿಕೆಯ ಮೂಲದ ಈ ಗಿಡ ನೇರಿಳೆ ಬಣ್ಣದ ಹೂವಿನ ಅಂದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದು, ಅಲ್ಲಿಂದ ದೇಶವನ್ನೆಲ್ಲ ವ್ಯಾಪಿಸಿತು. ಚೆನ್ನಬಸವಣ್ಣನವರ ಸ್ಮರಣೆಯೊಂದಿಗೆ ಬೆಸೆದುಕೊಂಡಿರುವ ಹುಬ್ಬಳ್ಳಿಯ ಉಣಕಲ್ಲಿನ ಕೆರೆಯನ್ನು ಈ ಕಳೆ ಎಷ್ಟು ಸಲ ಆವರಿಸಿತು, ಎಷ್ಟು ಸಲ ಅದನ್ನು ತೆಗೆಸಬೇಕಾಯಿತು ಎಂಬುದನ್ನು ಆ ಭಾಗದ ಭಕ್ತರು ಬಲ್ಲರು. ತೆಗೆದಷ್ಟೂ ಬೆಳೆಯಿತು, ಏಕೆಂದರೆ ಅದರ ಆಹಾರ ನಿಲ್ಲಲಿಲ್ಲ. ಅದರ ಬೀಜವೂ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ.

ಆ ಆಹಾರ ಯಾವುದು? ಚರಂಡಿಯ ನೀರು, ಸಾಬೂನಿನ ಪುಡಿ, ಹೊಲದಿಂದ ಮಳೆಯೊಡನೆ ಹರಿದು ಬರುವ ಡಿಎಪಿ ಮತ್ತು ಯೂರಿಯಾ, ದನಗಳ ಸಗಣಿ. ಇವುಗಳಲ್ಲಿರುವ ಸಾರಜನಕ ಮತ್ತು ರಂಜಕವನ್ನು ನೀರಸಸ್ಯ ಬೇರಿನಿಂದ ಹೀರಿ ತನ್ನ ಮೈಯಾಗಿಸಿಕೊಳ್ಳುತ್ತದೆ. ನೀರಸಸ್ಯ ನೀರನ್ನು ಶುದ್ಧಗೊಳಿಸುತ್ತದೆ ಎಂಬ ಮಾತಿನ ಅರ್ಥ ಇಷ್ಟೇ. ಆದರೆ ಅದೇ ಗಿಡ ಅಲ್ಲಿಯೇ ಸತ್ತು ಕೊಳೆತರೆ, ಹೀರಿದ್ದನ್ನೆಲ್ಲ ಮರಳಿ ನೀರಿಗೆ ಒಪ್ಪಿಸುತ್ತದೆ. ಕೊಳೆಯುವಾಗ ನೀರಿನ ಪ್ರಾಣವಾಯುವನ್ನೂ ತಿಂದುಹಾಕುವುದರಿಂದ ಮೀನುಗಳು ಸಾಯುತ್ತವೆ. ಆದುದರಿಂದ ಶುದ್ಧಿಯ ಕೆಲಸ ಪೂರ್ಣವಾಗುವುದು ಮನುಷ್ಯ ನೀರಿಗಿಳಿದು ಅದನ್ನು ಹೊರಗೆ ಎಳೆದು ಹಾಕಿದಾಗ ಮಾತ್ರ. ಬಿಟ್ಟು ಬರುವುದು ಒಂದು ದಿನದ ಉತ್ಸವ. ತೆಗೆಯುವುದು ವರ್ಷವಿಡೀ ಮಾಡಬೇಕಾದ ಕಾಯಕ. ಚಂದಾ ಎತ್ತುವ ಯುವಕರು ಈ ಎರಡನೆಯದಕ್ಕೆ ಹೆಸರು ಬರೆಸಿದ್ದಾರೆಯೇ ಎಂದು ಹಿರಿಯರು ಮೊದಲು ಕೇಳಲಿ.

ಹಾಗೆಂದು ಈ ಸಸ್ಯಗಳ ಮಹತ್ವವನ್ನು ಕಡೆಗಣಿಸಲಾಗದು. ಭತ್ತದ ಗದ್ದೆ ವರ್ಷಾನುಗಟ್ಟಲೆ ಗೊಬ್ಬರವಿಲ್ಲದೆಯೂ ಸಾರವನ್ನು ಹೇಗೆ ಉಳಿಸಿಕೊಳ್ಳುತ್ತದೆಂಬ ಒಗಟಿಗೆ, ನಿಂತ ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ ಗಾಳಿಯಿಂದ ಸಾರಜನಕವನ್ನು ಹಿಡಿಯುವುದೇ ಕಾರಣವೆಂದು 1939ರಲ್ಲಿ ತೋರಿಸಿಕೊಟ್ಟವರು ಬಂಗಾಳದ ವಿಜ್ಞಾನಿ ಪಿ. ಕೆ. ಡೇ. ಅನಂತರ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ ಅವರು ಉತ್ತರ ಹಿಂದುಸ್ಥಾನದ ಚೌಳು ನೆಲವನ್ನು ಇದೇ ಪಾಚಿಯಿಂದ ಸುಧಾರಿಸುವ ಪ್ರಯೋಗಗಳನ್ನು ನಡೆಸಿದರು. ಅಜೋಲಾ ಪಾಚಿಯಲ್ಲ, ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ. ಅದರ ಎಲೆಯ ಪೊಳ್ಳಿನಲ್ಲಿ ಅನಬೀನಾ ಎಂಬ ನೀಲಿ-ಹಸಿರು ಪಾಚಿ ಮನೆ ಮಾಡಿಕೊಂಡಿರುತ್ತದೆ. ಗಿಡ ಪಾಚಿಗೆ ಆಶ್ರಯ ಕೊಡುತ್ತದೆ, ಪಾಚಿ ಗಿಡಕ್ಕೆ ಸಾರಜನಕ ಕೊಡುತ್ತದೆ. ಚೀನ ಮತ್ತು ವಿಯೆಟ್ನಾಮಿನ ರೈತರು ಇದನ್ನು ಶತಮಾನಗಳಿಂದ ಗದ್ದೆಯಲ್ಲಿ ಬೆಳೆಸಿ ಮಣ್ಣಿಗೆ ತುಳಿದು ಸೇರಿಸುತ್ತ ಬಂದಿದ್ದಾರೆ.

ಆದರೆ ಗದ್ದೆ ಎಂದೆ. ನಮ್ಮ ರೋಣ ಸೀಮೆ ಗದ್ದೆಯ ಸೀಮೆಯಲ್ಲ. ಗಂಗಾವತಿ, ಸಿಂಧನೂರಿನ ಬಂಧುಗಳ ಭತ್ತದ ಹೊಲದಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಅಜೋಲಾಕ್ಕೂ ಪಾಚಿಗೂ ಎಡೆಯುಂಟು. ಎಕರೆಗೆ ನಾಲ್ಕು ಟನ್ ಹಸಿ ಅಜೋಲಾ ಮಣ್ಣಿಗೆ ಸೇರಿದರೆ ಸುಮಾರು 10 ಕಿಲೋ ಸಾರಜನಕ ದೊರೆಯುತ್ತದೆ, ಅಂದರೆ 45 ಕಿಲೋ ತೂಗುವ ಅರ್ಧ ಚೀಲ ಯೂರಿಯಾದಷ್ಟು. ನಮ್ಮ ಎರಿ ಹೊಲದ ಜೋಳ, ಕಡಲೆಗೆ ನಿಂತ ನೀರೇ ಇಲ್ಲವಾದ ಮೇಲೆ ಈ ಮಾತು ಎಲ್ಲಿಯದು? ಕಡಲೆ ಬೀಜಕ್ಕೆ ರೈಜೋಬಿಯಂ, ಜೋಳದ ಬೀಜಕ್ಕೆ ಅಜೋಸ್ಪಿರಿಲಂ ಲೇಪಿಸಿ ಬಿತ್ತುವುದೇ ನಮ್ಮ ನೆಲಕ್ಕೆ ತಕ್ಕ ಜೈವಿಕ ಗೊಬ್ಬರ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ಈ ಬಗ್ಗೆ ವಿಚಾರಿಸಬಹುದು. ಇನ್ನೊಬ್ಬರ ಊರಿನ ಒಳ್ಳೆಯದೆಲ್ಲ ನಮ್ಮ ಊರಿಗೆ ಒಳ್ಳೆಯದಾಗಬೇಕೆಂಬ ನಿಯಮವೇನೂ ಇಲ್ಲ.

ಮೇವಿನ ಮಾತಿಗೆ ಬರೋಣ. ಒಣಗಿಸಿದ ಅಜೋಲಾದಲ್ಲಿ ನೂರಕ್ಕೆ 20ರಿಂದ 25 ಭಾಗ ಸಸಾರಜನಕ ಇರುವುದು ನಿಜ. ಆದರೆ ಹಸಿ ಅಜೋಲಾದಲ್ಲಿ ನೂರಕ್ಕೆ 94 ಭಾಗದಷ್ಟು ನೀರೇ ಇದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗುಂಡಿಯಿಂದ ದಿನಕ್ಕೆ ಅರ್ಧ ಕಿಲೋ ದೊರೆಯುತ್ತದೆ. ಲೆಕ್ಕ ಹಾಕಿರಿ. ಅರ್ಧ ಕಿಲೋದಲ್ಲಿ ಒಣ ಪದಾರ್ಥ 30 ಗ್ರಾಂ, ಅದರಲ್ಲಿ ಸಸಾರಜನಕ ಆರೇಳು ಗ್ರಾಂ. ಇಷ್ಟನ್ನು ಒಂದು ಹಿಡಿಗಿಂತಲೂ ಕಡಿಮೆ ಶೇಂಗಾ ಹಿಂಡಿ ಕೊಡುತ್ತದೆ. ಹಿಂಡಿಯ ಖರ್ಚೇ ಉಳಿಯುತ್ತದೆಂದು ಹೇಳಿ ಸಾವಿರಾರು ರೂಪಾಯಿಗೆ ತೊಟ್ಟಿ ಮಾರುವವರ ಮಾತನ್ನು ಗೃಹಿಣಿಯರು ಈ ಲೆಕ್ಕದಿಂದ ತೂಗಿ ನೋಡಲಿ. ನಾಲ್ಕಾರು ಕೋಳಿಗಳಿಗೆ, ಒಂದು ಕರುವಿಗೆ, ಹಸಿಮೇವಿಲ್ಲದ ದಿನಗಳಲ್ಲಿ ಬಾಯಿರುಚಿಗೆ ಒಳ್ಳೆಯದು. ಅದಕ್ಕಿಂತ ಹೆಚ್ಚಿನ ಭರವಸೆ ಬೇಡ.

ಈಗ ಕೆರೆಯ ಹಸಿರಿಗೆ ಹಿಂತಿರುಗುತ್ತೇನೆ. ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಗದ್ದೆಯಲ್ಲಿ ಉಪಕಾರಿಯಾದ ನೀಲಿ-ಹಸಿರು ಪಾಚಿಯ ಕುಲದಲ್ಲಿಯೇ ಮೈಕ್ರೋಸಿಸ್ಟಿಸ್‌ನಂಥ ವಿಷಕಾರಿ ಜಾತಿಗಳೂ ಇವೆ. ಬೇಸಿಗೆಯಲ್ಲಿ ನೀರು ಇಳಿದು, ಗಾಳಿ ನಿಂತಾಗ, ಹಸಿರು ಬಣ್ಣವನ್ನು ಚೆಲ್ಲಿದಂತೆ ದಡದಲ್ಲಿ ಕೆನೆಗಟ್ಟಿದರೆ ದನಕುರಿಗಳನ್ನು ಆ ದಡಕ್ಕೆ ಬಿಡಬಾರದು. ಅಂಥ ನೀರು ಕುಡಿದ ದನಗಳು ಸತ್ತ ಸಂಗತಿ ಅನೇಕ ದೇಶಗಳಲ್ಲಿ ದಾಖಲಾಗಿದೆ. ನೀರನ್ನು ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಬರಿಗಣ್ಣಿಗೆ ಒಳ್ಳೆಯ ಪಾಚಿ ಯಾವುದು, ಕೆಟ್ಟದ್ದು ಯಾವುದೆಂದು ತಿಳಿಯದು. ಆದಕಾರಣ ಪಂಚಾಯಿತಿಯ ಮೂಲಕ ನೀರನ್ನು ಪರೀಕ್ಷೆಗೆ ಕಳುಹಿಸುವುದು ವಿವೇಕ. ಸವುಳು ನೀರಿನ ಬಾವಿಗಳೇ ಹೆಚ್ಚಾಗಿರುವ ನಮ್ಮ ಭಾಗದಲ್ಲಿ ಕೆರೆಯ ಸಿಹಿನೀರು ಕೆಟ್ಟರೆ ಬೇರೆ ದಾರಿ ಹುಡುಕುವುದು ಸುಲಭವಲ್ಲ.

ನಿಜವಾದ ಪರಿಹಾರ ಕೆರೆಯ ಒಳಗಿಲ್ಲ, ಕೆರೆಗೆ ಬರುವ ದಾರಿಯಲ್ಲಿದೆ. ಬೆಂಗಳೂರಿನ ಎರಡು ಕೆರೆಗಳನ್ನು ನೋಡಿರಿ. ಬೆಳ್ಳಂದೂರಿಗೆ ನಗರದ ಕೊಳಚೆ ನೇರವಾಗಿ ಹರಿಯಿತು. ಜಲಕಳೆ ಬೇಕಾದಷ್ಟು ಬೆಳೆಯಿತು, ನೀರೇನೂ ಶುದ್ಧವಾಗಲಿಲ್ಲ. ನೊರೆ ಬೀದಿಗೆ ಹಾರಿತು. 2015, 2017 ಮತ್ತು 2018ರಲ್ಲಿ ಬೆಂಕಿಯೇ ಎದ್ದಿತು. ಜಕ್ಕೂರಿನಲ್ಲಿ ಹಾಗಲ್ಲ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜವುಗು ನೆಲದಲ್ಲಿ ನಿಧಾನವಾಗಿ ಹಾದು, ಆಮೇಲೆ ಕೆರೆಯನ್ನು ಸೇರುವ ವ್ಯವಸ್ಥೆಯಿದೆ. ಜೊಂಡನ್ನು ಆಗಾಗ ಕೊಯ್ದು ತೆಗೆಯದಿದ್ದರೆ ಅಲ್ಲಿಯೂ ಕೆಲಸ ಕೆಡುತ್ತದೆ.

ಹಳ್ಳಿಗೆ ಅಷ್ಟು ದೊಡ್ಡ ಘಟಕ ಬೇಕಿಲ್ಲ. ಬಚ್ಚಲ ನೀರನ್ನು ಹಿತ್ತಲ ಬಾಳೆಗೂ ಕೆಸುವಿಗೂ ಹರಿಸುತ್ತಿದ್ದ ನಮ್ಮ ಅಜ್ಜಿಯರು ಇದೇ ಕೆಲಸವನ್ನು ಹೆಸರಿಲ್ಲದೆ ಮಾಡುತ್ತಿದ್ದರು. ಹಿತ್ತಲಿಲ್ಲದವರಿಗೆ ಇಂಗುಗುಂಡಿಯುಂಟು. ಊರ ಚರಂಡಿ ಕೆರೆ ಸೇರುವ ಬಾಯಲ್ಲಿ ಮೊದಲು ಹೂಳು ನಿಲ್ಲಲು ಒಂದು ಹೊಂಡ, ಅದರ ಮುಂದೆ ಜಲ್ಲಿ ಮರಳು ತುಂಬಿದ ಅಗಲವಾದ ಮಡಿ, ಅದರಲ್ಲಿ ಜೊಂಡು, ಕಾಬಾಳೆ. ಇಷ್ಟಾದರೆ ಕೆರೆಗೆ ಇಳಿಯುವ ಸಾರಜನಕ, ರಂಜಕ ಎಷ್ಟೋ ತಗ್ಗುತ್ತದೆ. ಶೌಚಾಲಯದ ನೀರನ್ನು ಮಾತ್ರ ಇದಕ್ಕೆ ಸೇರಿಸಬಾರದು. ನಾವು ಭಕ್ತರೂ ಒಂದು ಮಾತನ್ನು ಕೇಳಬೇಕು. ಪೂಜೆಯ ಹೂವು, ಪತ್ರಿಗಳನ್ನು ಹೊಂಡಕ್ಕೆ ಹಾಕುವುದೆಂದರೆ ಪಾಚಿಗೆ ಗೊಬ್ಬರ ಹಾಕಿದಂತೆಯೇ. ಸೂಡಿಯ ನಾಗಕುಂಡದಂಥ ಕೊಳಗಳನ್ನು ಕಲ್ಲಿನಲ್ಲಿ ಅಷ್ಟು ಶ್ರದ್ಧೆಯಿಂದ ಕಟ್ಟಿದವರು ಅವನ್ನು ತಿಪ್ಪೆಯೆಂದು ಕಟ್ಟಲಿಲ್ಲ. ನಿರ್ಮಾಲ್ಯ ಗಿಡದ ಬುಡಕ್ಕೆ ಸೇರಲಿ.

ಕೆರೆಯಲ್ಲಿ ಈಗಾಗಲೇ ಅಂತರಗಂಗೆ ಇದ್ದರೆ ಹೂ ಬಿಡುವ ಮೊದಲೇ ಎಳೆದು, ದಡದಿಂದ ದೂರ ಹರವಿ ನಾಲ್ಕಾರು ದಿನ ಬಾಡಿಸಿರಿ. ಅದರ ತೂಕದಲ್ಲಿ ಬಹುಪಾಲು ನೀರೇ. ಬಾಡಿದ ಮೇಲೆ ಸಗಣಿ, ಮಣ್ಣಿನೊಡನೆ ಪದರಪದರವಾಗಿ ಗುಂಡಿಗೆ ತುಂಬಿ ಕೊಳೆಸಿದರೆ ಪೊಟ್ಯಾಷ್ ಸಮೃದ್ಧವಾದ ಗೊಬ್ಬರ ದೊರೆಯುತ್ತದೆ. ಕಾರ್ಖಾನೆಯ ನೀರು ಸೇರುವ ಕೆರೆಯ ಗಿಡವಾದರೆ ಸೀಸ, ಕ್ಯಾಡ್ಮಿಯಂಗಳನ್ನೂ ಹೀರಿರುತ್ತದೆ. ಅದನ್ನು ಹೊಲಕ್ಕಾಗಲಿ ಮೇವಿಗಾಗಲಿ ಬಳಸಬಾರದು.

ಅಜೋಲಾ ಬೆಳೆಸಬೇಕೆನ್ನುವವರಿಗೆ ಕ್ರಮ ಸುಲಭ. ಬೇವಿನ ನೆರಳಿನಲ್ಲಿ ಮೇಲೆ ಹೇಳಿದ ಅಳತೆಯ, ಒಂದು ಗೇಣು ಆಳದ ಗುಂಡಿಗೆ ಸಿಲ್ಪಾಲಿನ್ ಹಾಳೆ ಹಾಸಿ, 10ರಿಂದ 15 ಕಿಲೋ ಜರಡಿ ಹಿಡಿದ ಮಣ್ಣು ಹರಡಿರಿ. ಎರಡು ಕಿಲೋ ಸಗಣಿ ಮತ್ತು 30 ಗ್ರಾಂ ಸೂಪರ್ ಫಾಸ್ಫೇಟನ್ನು 10 ಲೀಟರ್ ನೀರಿನಲ್ಲಿ ಕದಡಿ ಹಾಕಿ, ನೀರನ್ನು ನಾಲ್ಕು ಬೆರಳಿನಷ್ಟು ನಿಲ್ಲಿಸಿ, ಅರ್ಧ ಕಿಲೋ ಅಜೋಲಾ ಬಿಡಿರಿ. 10ರಿಂದ 15 ದಿನಗಳಲ್ಲಿ ಗುಂಡಿ ತುಂಬುತ್ತದೆ. ಐದು ದಿನಕ್ಕೊಮ್ಮೆ ಒಂದು ಕಿಲೋ ಸಗಣಿ, 20 ಗ್ರಾಂ ಫಾಸ್ಫೇಟ್. ಹತ್ತು ದಿನಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸುವುದು. ತೆಗೆದ ಅಜೋಲಾವನ್ನು ಸಗಣಿಯ ವಾಸನೆ ಹೋಗುವವರೆಗೆ ತೊಳೆದು ದನಗಳಿಗೆ ಇಡಿರಿ. ಬಿಸಿಲು 35 ಡಿಗ್ರಿ ದಾಟಿದರೆ ಅದು ಸೊರಗುತ್ತದೆ; ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಗೋಣಿತಟ್ಟಿನ ಮರೆ ಕಟ್ಟಿದರೂ ಕಷ್ಟವೇ. ಮಳೆ ಬಿದ್ದ ಮೇಲೆ ಆರಂಭಿಸುವುದು ಲೇಸು. ಗುಂಡಿಯಿಂದ ತೆಗೆದ ಹಳೆಯ ನೀರನ್ನು ಮಾತ್ರ ಚರಂಡಿಗೆ ಚೆಲ್ಲದೆ ಕರಿಬೇವಿಗೋ ತೆಂಗಿಗೋ ಹಾಕಿರಿ.