ಹವಳದ ಖಾತೆ

ಮಕ್ಕಳೇ, ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯುದ್ದಕ್ಕೂ 2,300 ಕಿಲೋಮೀಟರ್ ಹವಳದ ದಿಬ್ಬಗಳಿವೆ. ಹೆಸರು ಗ್ರೇಟ್ ಬ್ಯಾರಿಯರ್ ರೀಫ್. ದಡದಲ್ಲಿ ದಟ್ಟ ಮಳೆಕಾಡು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಹಿಡಿಸಿದ್ದು ಅಲ್ಲಿನ ಲೆಕ್ಕ. ಸರ್ಕಾರಿ ಸಾಗರವಿಜ್ಞಾನ ಸಂಸ್ಥೆಯ ಈಜುಗಾರರು ದೋಣಿ ಎಳೆಯುವ ಹಲಗೆ ಹಿಡಿದು ಸಾಗುತ್ತಾರೆ. ಎರಡೆರಡು ನಿಮಿಷಕ್ಕೊಮ್ಮೆ ನಿಂತು, ಜೀವಂತ ಹವಳ ಎಷ್ಟಿದೆ ಎಂದು ಬರೆದುಕೊಳ್ಳುತ್ತಾರೆ. 1985ರಿಂದ 2012ರವರೆಗಿನ ಲೆಕ್ಕ ನೋಡಿದರೆ ಹವಳ ಅರ್ಧಕ್ಕಿಳಿದಿತ್ತು! ನಷ್ಟ ನೂರು ರೂಪಾಯಿ ಎನ್ನಿ: ಚಂಡಮಾರುತದ ಪಾಲು 48, ಹವಳ ತಿನ್ನುವ ಮುಳ್ಳು ನಕ್ಷತ್ರಮೀನಿನದು 42, ಬಿಸಿಯೇರಿದ ನೀರಿನದು 10.

ಹೊಲದ ಗೊಬ್ಬರ ಹೊಳೆಯಲ್ಲಿ ಹರಿದು ಕಡಲು ಸೇರಿದರೆ ಸೂಕ್ಷ್ಮ ಪಾಚಿ ಹೆಚ್ಚುತ್ತದೆ. ಅದನ್ನು ತಿಂದು ನಕ್ಷತ್ರಮೀನಿನ ಮರಿಗಳು ಬೆಳೆಯುತ್ತವೆ. ಹೊಳೆದಂಡೆಯ ಕಾಡು ಉಳಿದರೆ ಮಣ್ಣು ಕೊಚ್ಚಿಹೋಗುವುದು ಕಡಿಮೆ. ಮುಳುಗುಗಾರರು ನಕ್ಷತ್ರಮೀನಿಗೆ ವಿನೆಗರ್ ಚುಚ್ಚಿ ಕೊಲ್ಲುವುದೂ ಉಂಟು. ಹೌದು, ಗೋಬಿ ಮಂಚೂರಿಗೆ ಹಾಕುವ ವಿನೆಗರೇ!

2016ರಿಂದೀಚೆಗೆ ಬಿಸಿನೀರಿನ ಹೊಡೆತ ಮತ್ತೆ ಮತ್ತೆ ಬಿದ್ದು ಹವಳ ಬಿಳಿಚುತ್ತಿದೆ. ಅದಕ್ಕೆ ಚುಚ್ಚುಮದ್ದಿಲ್ಲ, ಲೋಕವೆಲ್ಲ ಹೊಗೆ ತಗ್ಗಿಸಬೇಕು.

ಬರೀ ಎಣಿಸಲು ತೆರಿಗೆ ಹಣವೇಕೆ ಎನ್ನುವವರುಂಟು. ಜಮಾಖರ್ಚು ಬರೆಯದ ಮನೆಯಲ್ಲಿ ದುಡ್ಡು ಎಲ್ಲಿ ಸೋರಿತೆಂದು ಯಾರಿಗೆ ಗೊತ್ತಾಗುತ್ತದೆ? ಅಜ್ಜ ಅಜ್ಜಿಯರೇ, ಮೊಮ್ಮಕ್ಕಳಿಗೊಂದು ನೋಟ್‌ಬುಕ್ ಕೊಡಿ. ಮನೆಮುಂದಿನ ಮರಕ್ಕೆ ಬರುವ ಹಕ್ಕಿಗಳನ್ನು ವಾರಕ್ಕೊಮ್ಮೆ ಎಣಿಸಿ ಬರೆಯಲಿ.