ವಿದ್ಯಾರ್ಥಿವೇತನವೋ, ಜೀತಪತ್ರವೋ?

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಊರುಗಳಲ್ಲಿ ವಿದ್ಯಾರ್ಥಿವೇತನ ವಿತರಣೆಯ ಸಮಾರಂಭಗಳು ಶುರುವಾಗುತ್ತವೆ. ನರ್ಸಿಂಗ್ ಸೇರಲಿರುವ ಬಡ ಹೆಣ್ಣುಮಗಳನ್ನು ವೇದಿಕೆಗೆ ಕರೆದು, ಚೆಕ್ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಆಕೆ ಎರಡನೇ ವರ್ಷದ ಶುಲ್ಕವನ್ನು ಹೇಗೆ ಕಟ್ಟಿದಳು ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ಬಿ.ಎಸ್ಸಿ. ನರ್ಸಿಂಗ್ 4 ವರ್ಷಗಳ ಕೋರ್ಸು. ಒಂದು ವರ್ಷದ ಶುಲ್ಕ ಕೊಟ್ಟು ಕೈತೊಳೆದುಕೊಳ್ಳುವುದೆಂದರೆ ನಡುನೀರಿನಲ್ಲಿ ಕೈಬಿಟ್ಟಂತೆ. ಬೇರೆ ಪದವಿ ಓದುವವರು ಬಿಡುವಿನಲ್ಲಿ ದುಡಿದು ಓದಬಹುದು. ತರಗತಿ ಮುಗಿಸಿ ವಾರ್ಡಿಗೆ ಓಡಬೇಕಾದ ನರ್ಸಿಂಗ್ ವಿದ್ಯಾರ್ಥಿನಿಗೆ ಬಿಡುವೆಲ್ಲಿದೆ? ಶುಲ್ಕದ ಜೊತೆಗೆ ಹಾಸ್ಟೆಲ್, ಸಮವಸ್ತ್ರ, ಪುಸ್ತಕ, ಬಸ್ಸಿನ ಖರ್ಚು. ಕೊನೆಗೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. ಅದಿಲ್ಲದೆ ಪದವಿ ಇದ್ದರೂ ನರ್ಸ್ ಆಗಿ ದುಡಿಯುವಂತಿಲ್ಲ.

ಇನ್ನು ಕೆಲವರ ವಾದ ಬೇರೆ. “ಓದಿಸಿದರೆ ವಿದೇಶಕ್ಕೆ ಹಾರುತ್ತಾರೆ. ಆದ್ದರಿಂದ ಬಾಂಡ್ ಬರೆಸಿಕೊಳ್ಳಬೇಕು, ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು.” ಹೀಗೆ ಹೇಳುವವರಲ್ಲಿ ಗಲ್ಫಿನಲ್ಲಿ ದುಡಿದೇ ದಾನಿಗಳಾದವರೂ ಇದ್ದಾರೆ! ಮಗ ವಿಮಾನ ಹತ್ತಿದರೆ ಮನೆತನದ ಏಳಿಗೆ, ಬಡವರ ಮಗಳು ಹತ್ತಿದರೆ ಕೃತಘ್ನತೆ. ಇದು ಯಾವ ನ್ಯಾಯ? ನರ್ಸಿಂಗ್ ಕಾಲೇಜುಗಳಲ್ಲಿ ಬಾಂಡ್ ಪದ್ಧತಿ ಸಲ್ಲದೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ 2011ರಲ್ಲೇ ಹೇಳಿದೆ. ಕಾಲೇಜಿಗೆ ಸಲ್ಲದ್ದು ದಾನಿಗೆ ಸಲ್ಲುವುದೇ? ಶರತ್ತಿನ ಹಗ್ಗ ಕಟ್ಟಿ ಕೊಟ್ಟದ್ದು ದಾನವಲ್ಲ, ಸಾಲ.

ನರ್ಸ್‌ಗಳ ಕೊರತೆ ಸುಳ್ಳೆಂದು ನಾವು ಹೇಳುತ್ತಿಲ್ಲ. 2023ರಲ್ಲಿ ಜಗತ್ತಿನಲ್ಲಿ 58 ಲಕ್ಷ ನರ್ಸ್‌ಗಳ ಕೊರತೆಯಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆದರೆ ಅವರು ಊರು ಬಿಡುವುದೇಕೆ? ಸುಪ್ರೀಂ ಕೋರ್ಟಿನ ಆದೇಶದಂತೆ 2016ರಲ್ಲಿ ರಚನೆಯಾದ ಸಮಿತಿಯು, 50 ಹಾಸಿಗೆಗಿಂತ ಚಿಕ್ಕದಾದ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಸಂಬಳ ಸಿಗಬೇಕೆಂದು ಶಿಫಾರಸು ಮಾಡಿತು. ಊರಿನ ಆಸ್ಪತ್ರೆಗಳು ಅಷ್ಟನ್ನು ಕೊಡುತ್ತಿವೆಯೇ ಎಂದು ಕೇಳುವ ಧೈರ್ಯ ನಮಗಿರಲಿ. ಆಸ್ಪತ್ರೆಯ ಮಾಲಕರನ್ನು ಕೇಳಬೇಕಾದ ಪ್ರಶ್ನೆಯನ್ನು ಹದಿನೆಂಟರ ಹುಡುಗಿಯ ಮುಂದಿಡುವುದು ಹೇಡಿತನ.

ಮಾಡಬೇಕಾದುದು ಸರಳ. ಹತ್ತು ಮಂದಿಗೆ ಒಂದೊಂದು ವರ್ಷದ ಶುಲ್ಕ ಕೊಡುವ ಹಣದಲ್ಲಿ ಇಬ್ಬರ ನಾಲ್ಕೂ ವರ್ಷಗಳ ಶುಲ್ಕ ಕಟ್ಟಿ, ಉಳಿದುದನ್ನು ಅವರ ಪುಸ್ತಕಕ್ಕೂ ಊಟಕ್ಕೂ ಕೊಡಬಹುದು. ಹಣ ನೇರವಾಗಿ ಕಾಲೇಜಿಗೆ ಹೋಗಲಿ. ಓದು ಮುಗಿದ ಮೇಲೆ ಆಕೆ ಎಲ್ಲಿ ದುಡಿಯಬೇಕೆಂಬುದನ್ನು ಆಕೆಯೇ ನಿರ್ಧರಿಸಲಿ. ಹೀಗೆ ಮಾಡಿದರೆ ನಮ್ಮ ಫೋಟೋದಲ್ಲಿ ಹತ್ತು ಮುಖಗಳಿರುವುದಿಲ್ಲ, ನಿಜ. ಆದರೆ ಸಮಾಜಕ್ಕೆ ಇಬ್ಬರು ನರ್ಸ್‌ಗಳು ಸಿಕ್ಕಿರುತ್ತಾರೆ. ನಮಗೆ ಬೇಕಾದದ್ದು ಯಾವುದು?